ಕಡಲೆ ಕುಡಿ ಮತ್ತು ನನ್ನ ಅಂಜಿಕೆ

ಹೋದ ವಾರ ಯಾದಗಿರಿಯಿಂದ ಒಬ್ಬ ಹುಡುಗಿ ಫಾರ್ಮು ಹಿಡಿದುಕೊಂಡು ನಮ್ಮೂರು ಸಗರಕ್ಕೆ ಬಂದಿದ್ದಳು. ಸಣ್ಣ ರೈತರು ಸುಸ್ಥಿರ ಕೃಷಿಗೆ ಯಾಕೆ ಬರುತ್ತಾರೆ, ಅವರಿಗೆ ಪ್ರೇರಣೆ ಏನು ಎಂದು ಅವಳ ಕಾಲೇಜಿನವರಿಗೆ ತಿಳಿಯಬೇಕಂತೆ. ಮೂರೂವರೆ ಎಕರೆಯವನಿಗೂ ಪ್ರೇರಣೆ ಎಂಬುದೊಂದು ಇರುತ್ತದೆ ಎಂದು ನಂಬಿ ಬಿಸಿಲಲ್ಲಿ ಬಂದ ಹುಡುಗಿ. ಸುಮ್ಮನೆ ಕಳಿಸಲು ಮನಸ್ಸಾಗಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟೆವು. ಫಾರ್ಮಿನಲ್ಲಿ ಸಾಲಾಗಿ ಚೌಕಗಳಿದ್ದವು. ತರಬೇತಿ, ಒಳ್ಳೆಯ ಬೆಲೆ, ಸರಕಾರದ ಸಹಾಯ, ನೆರೆಹೊರೆಯವರ ಪ್ರಭಾವ, ಮಣ್ಣಿನ ಆರೋಗ್ಯದ ಕಾಳಜಿ.

"ಯಾವ್ದಕ್ಕ ಟಿಕ್ ಹಾಕ್ಲಿರಿ ಕಾಕಾ?" ಎಂದಳು.

"ಅಂಜಿಕಿ ಅಂತ ಎಲ್ಲಾದ್ರೂ ಅದ ಏನು ನೋಡವ್ವ."

ಅವಳು ನಕ್ಕಳು. ಮುದುಕ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು. ಮಣ್ಣಿನ ಆರೋಗ್ಯದ ಕಾಳಜಿಗೆ ಟಿಕ್ ಹಾಕಿಕೊಂಡು, ನನ್ನದೊಂದು ಫೋಟೋ ತೆಗೆದುಕೊಂಡು ಹೋದಳು. ಹೀಗಾಗಿ ಕಾಗದದ ಮೇಲೆ ನಾನೀಗ ಮಣ್ಣಿನ ಚಿಂತೆಯಲ್ಲಿ ನಿದ್ದೆಗೆಟ್ಟ ದೊಡ್ಡ ಮನುಷ್ಯ. ನಿದ್ದೆಗೆಟ್ಟದ್ದು ನಿಜ, ಕಾರಣ ಮಾತ್ರ ಬೇರೆ. ನಿಮ್ಮ ಮುಂದೆ ಹೇಳಲು ನನಗೇನು ನಾಚಿಕೆ?

ನಾನು ಹುಟ್ಟಾ ಪುಕ್ಕಲು. ನಮ್ಮ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು ಎಂದು ಲೆಕ್ಕ. ಸಣ್ಣ ಮೈಯವನೆಂದು ಅಪ್ಪ ನನ್ನನ್ನು ಇಳಿಸಲು ನೋಡಿದರು. ನಾನು ಅವರ ಕಾಲು ತಬ್ಬಿ ಹಿಡಿದು, "ದೀಪಕ್ಕ ಮೂಗಿಲ್ಲಪ್ಪ, ಅದಕ್ಕೇನ್ ತಿಳೀತದ?" ಎಂದು ಅತ್ತೆ. ಬೆನ್ನಿಗೆ ಎರಡು ಬಿದ್ದವು. ಕೊನೆಗೆ ಇಳಿದವಳು ನನ್ನ ತಂಗಿ. ಅವಳು ಒಳಗಿನಿಂದ ಹಾಡು ಹೇಳುತ್ತ ಜೋಳ ತುಂಬಿ ಕಳಿಸುತ್ತಿದ್ದರೆ, ನಾನು ಮೇಲೆ ನಿಂತು ಅವಳ ಹಾಡು ಎಲ್ಲಿ ನಿಂತುಬಿಡುತ್ತದೋ ಎಂದು ನಡುಗುತ್ತಿದ್ದೆ.

ಬಾವಿ, ಸೂಜಿ, ಮೋಟರ್ ಸೈಕಲ್ಲು, ಯಾವುದಕ್ಕೂ ನಾನು ಅಂಜದೆ ಬಿಟ್ಟಿಲ್ಲ. ಇವತ್ತಿಗೂ ಗಾಡಿ ಹೊಡೆಯಲು ಬರುವುದಿಲ್ಲ, ಆಟೋ ಹಿಡಿದೇ ತಿರುಗಾಟ. ನನ್ನ ಹೆಂಡತಿ ಸಿದ್ದಮ್ಮ ಸುರಪುರದ ಕಡೆಯವಳು. ತಮ್ಮ ಊರ ನೀರು ಕುಡಿದವರಿಗೆ ಅಂಜಿಕೆ ಗೊತ್ತೇ ಇಲ್ಲ ಎಂದು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ. ಒಮ್ಮೆ ಅಡುಗೆಮನೆಗೆ ಹಾವು ಬಂದಾಗ ಅದನ್ನು ಹೊರಗೆ ಹಾಕಿದವಳು ಅವಳು, ಹೊರಗೆ ನಿಂತು ದೇವರ ಹೆಸರು ಕೂಗಿದವನು ನಾನು.

ಇಂಥವನು ಬೆಳೆಗೆ ವಿಷ ಹೇಗೆ ಹೊಡೆಯುತ್ತಿದ್ದ ಎಂದು ನೀವು ಕೇಳಬಹುದು. ಅದೇ ಸೋಜಿಗ. ಅಂಜಬೇಕಾದ ಒಂದೇ ಒಂದು ವಸ್ತುವಿಗೆ ನಾನು ಅಂಜಲಿಲ್ಲ. ಬರಿಗಾಲು, ಬಾಯಿಗೊಂದು ಟವೆಲ್ಲು, ಬೆನ್ನಿಗೆ ಪಂಪು. ನಮ್ಮಲ್ಲಿ ಇದಕ್ಕೆ ಎಣ್ಣೆ ಹೊಡೆಯುವುದು ಅನ್ನುತ್ತಾರೆ, ಹೆಸರಿನಲ್ಲೇ ಭಯವಿಲ್ಲ. ತೊಗರಿಯ ಹೂವಿನಲ್ಲಿ ಒಂದು ಹಸಿರು ಹುಳ ಕಂಡರೆ ಮಾತ್ರ ನನಗೆ ಊಟ ಸೇರುತ್ತಿರಲಿಲ್ಲ. ಆಟೋ ಹಿಡಿದು ಶಹಾಪುರಕ್ಕೆ ಓಡಿ ಅಂಗಡಿಯವನಿಗೆ, "ಯಾವ್ದಾರ ಕೊಡ್ರಿ, ಒಟ್ಟ ಹುಳ ಸಾಯ್ಬೇಕು" ಅನ್ನುತ್ತಿದ್ದೆ. ಅವನು ಕೊಟ್ಟದ್ದನ್ನು ಹೆಸರೂ ಓದದೆ ತರುತ್ತಿದ್ದೆ. ಹೊಡೆದದ್ದೂ ಅಂಜಿಕೆಯಿಂದಲೇ, ಆಮೇಲೆ ಬಿಟ್ಟದ್ದೂ ಅಂಜಿಕೆಯಿಂದಲೇ. ನಡುವೆ ನನ್ನ ಬುದ್ಧಿ ಎಲ್ಲೂ ಕೆಲಸ ಮಾಡಿಲ್ಲ.

ಕಡಲೆಯ ವಿಷಯ ಹೇಳದೆ ಮುಂದೆ ಹೋದರೆ ನಿಮಗೆ ತಿಳಿಯುವುದಿಲ್ಲ. ನಮ್ಮ ಕರಿ ನೆಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುತ್ತೇವೆ. ಗಿಡ ಗೇಣುದ್ದ ಆದಾಗ ಅದರ ಕುಡಿ ಚಿವುಟಬೇಕು. ಚಿವುಟಿದಷ್ಟೂ ಪಕ್ಕಕ್ಕೆ ಟೊಂಗೆ ಒಡೆಯುತ್ತದೆ, ಕಾಯಿ ಹೆಚ್ಚು ಕೂರುತ್ತವೆ. ಈ ಕೆಲಸಕ್ಕೆ ನಮ್ಮಲ್ಲಿ ಕೂಲಿಗೆ ಕರೆಯುವ ಪದ್ಧತಿಯಿಲ್ಲ. ಹಾದು ಹೋಗುವ ಹೆಣ್ಣುಮಕ್ಕಳು ಯಾರ ಹೊಲವಾದರೂ ಸರಿ, ಇಳಿದು ಚಿವುಟಿ ಉಡಿ ತುಂಬಿಕೊಂಡು ಹೋಗುತ್ತಾರೆ. ಕೇಳುವಂತಿಲ್ಲ, ಬೇಡ ಅನ್ನುವಂತಿಲ್ಲ. ಅವರಿಗೆ ಪಲ್ಯೆ ಆಯಿತು, ಹೊಲದವನಿಗೆ ಕೆಲಸ ಆಯಿತು. ಆ ಎಲೆಯ ಹುಳಿ ತಿಂದವರಿಗೇ ಗೊತ್ತು. ನಮ್ಮವ್ವ ಕಡಲೆ ಹೊಲದ ಮೇಲೆ ಸಂಜೆ ಬಿಳಿ ಅರಿವೆ ಹಾಸಿ ಬರುತ್ತಿದ್ದಳು. ಬೆಳಗಾಗುವುದರೊಳಗೆ ಅದು ಗಿಡದ ಹುಳಿಯನ್ನೆಲ್ಲ ಇಬ್ಬನಿಯ ಜೊತೆ ಹೀರಿರುತ್ತಿತ್ತು. ಹಿಂಡಿ ಬಾಟಲಿಗೆ ತುಂಬಿದರೆ ವರ್ಷವಿಡೀ ಹೊಟ್ಟೆನೋವಿಗೆ ಅದೇ ಔಷಧ. ಸಾಲೆಗೆ ಹೋಗಲು ಮನಸ್ಸಿಲ್ಲದ ದಿನ ನನ್ನ ಹೊಟ್ಟೆ ನೋಯುತ್ತಿತ್ತು, ಅವ್ವ ಅದನ್ನು ಎರಡು ಚಮಚೆ ಕುಡಿಸುತ್ತಿದ್ದಳು, ಹಲ್ಲು ಜುಂ ಎಂದು ನೋವು ತಾನೇ ಓಡಿಹೋಗುತ್ತಿತ್ತು.

ನಾಲ್ಕು ಚಳಿಗಾಲದ ಹಿಂದಿನ ಮಾತು. ಅವತ್ತು ಬೆಳಿಗ್ಗೆ ತೊಗರಿಗೆ ಎಣ್ಣೆ ಹೊಡೆದೆ. ಹೊಡೆದ ಮೇಲೆ ಖಾಲಿ ಡಬ್ಬಿಯನ್ನು ಒಂದು ಕೋಲಿಗೆ ಬೋರಲು ಸಿಗಿಸಿ ಹೊಲದಲ್ಲಿ ನೆಟ್ಟೆ. ಇಲ್ಲಿ ಹೊಡೆದಿದೆ, ದನ ಬಿಡಬೇಡಿ, ಸೊಪ್ಪು ಮುಟ್ಟಬೇಡಿ ಎಂದು ನಮ್ಮ ಕಡೆ ಅದರ ಅರ್ಥ. ಆಮೇಲೆ ನೋಡಿದರೆ ಪಂಪಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಕಲಸಿದ ಎಣ್ಣೆಯನ್ನು ಯಾವ ರೈತನೂ ಚೆಲ್ಲುವುದಿಲ್ಲ, ಅನ್ನ ಚೆಲ್ಲಿದಷ್ಟೇ ಸಂಕಟವಾಗುತ್ತದೆ. ಪಕ್ಕದಲ್ಲೇ ಕಡಲೆ ಇತ್ತು. ಹಳ್ಳದ ಕಡೆಯ ಸಾಲುಗಳ ಮೇಲೆ ಅದನ್ನಷ್ಟು ಮುಗಿಸಿ, ಪಂಪು ತೊಳೆದು ಮನೆಗೆ ಬಂದೆ. ಡಬ್ಬಿ ಮಾತ್ರ ತೊಗರಿಯಲ್ಲೇ ನಿಂತಿತ್ತು.

ಸ್ನಾನ ಮಾಡಿ ಒಂದು ನಿದ್ದೆ ತೆಗೆದು ಊಟಕ್ಕೆ ಕೂತಾಗ ಮೂರು ಗಂಟೆಯ ಸುಮಾರು. ಸಿದ್ದಮ್ಮ ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಇಟ್ಟು, ಪಕ್ಕಕ್ಕೆ ಒಂದು ಹಿಡಿ ಹಸಿ ಕಡಲೆ ಕುಡಿ ಹಾಕಿದಳು. ರೊಟ್ಟಿಯಲ್ಲಿ ಸುತ್ತಿ ಬಾಯಿಗಿಡುವುದರಲ್ಲಿದ್ದೆ. ಬಾಯಿಗಿಂತ ಮೊದಲು ಮೂಗಿಗೆ ಎಣ್ಣೆಯ ವಾಸನೆ ತಿಳಿಯಿತು.

"ಇದು ಯಾರ ಹೊಲದ್ದು?"

"ನಮ್ದ ರೀ. ಹತ್ತಿ ಬಿಡಿಸಾಕ ಹೋದ ಹೆಣ್ಮಕ್ಕಳು ಚಿವುಟಿಕೊಂಡು ಬಂದಾರ. ನಿಮ್ಮ ಹೊಲದ್ದು ನಿಮಗೂ ಇರ್ಲಿ ಅಂತ ಕೊಟ್ಟು ಹೋದ್ರು."

ತುತ್ತು ಕೈಯಿಂದ ಬಿತ್ತು. ಉಳಿದದ್ದನ್ನು ಕಡಲೆಗೂ ಹೊಡೆದಿದ್ದೇನೆ ಎಂದೆ. ಸಿದ್ದಮ್ಮನ ಮುಖ ಬಣ್ಣಗೆಟ್ಟದ್ದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ. "ತೊಗರಿಗೆ ಅಂದಿದ್ರಿ! ಡಬ್ಬಿ ನೋಡೇ ಅವ್ರು ತೊಗರಿ ಕಡಿ ಹೋಗಿಲ್ಲ!" ಎಂದಳು. ಹೌದು, ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಡಬ್ಬಿ ನೋಡಿ ದೂರ ಸರಿದು, ಡಬ್ಬಿಯಿಲ್ಲದ ಕಡೆ ಇಳಿದಿದ್ದರು.

ಓಡಿದೆವು. ಏಳು ಹೆಣ್ಣುಮಕ್ಕಳು, ಏಳು ಮನೆ. ಒಂದು ಮನೆಯಲ್ಲಿ ಸೊಪ್ಪು ಇನ್ನೂ ಮೊರದಲ್ಲಿತ್ತು, ಇನ್ನೊಂದರಲ್ಲಿ ಒಲೆಯ ಮೇಲಿತ್ತು. ಸಿದ್ದಮ್ಮ ಹೇಳದೆ ಕೇಳದೆ ಗಡಿಗೆ ಇಳಿಸಿ ತಿಪ್ಪೆಗೆ ಸುರಿದಳು. ಆರು ಮನೆ ಮುಗಿದವು, ಯಾರೂ ತಿಂದಿರಲಿಲ್ಲ. ಏಳನೆಯದು ಭೀಮವ್ವನ ಮನೆ. ಬೀಗ ಹಾಕಿತ್ತು.

"ಭೀಮವ್ವ ಗೋಗಿಗೆ ಹೋಗ್ಯಾಳ್ರಿ," ಎಂದಳು ಪಕ್ಕದ ಮನೆಯಾಕೆ. "ಮಗಳು ರೇಣುಕಾ ಬಸುರಿ ಅದಾಳಲ್ಲ, ಹುಳಿ ಹುಳಿ ಅಂತ ಜೀವಾ ಬಿಡಾಕತ್ತಾಳಂತ. ಮಧ್ಯಾಹ್ನನ ಉಡಿ ತುಂಬ ಕಡ್ಲಿ ಕುಡಿ ಕಟ್ಕೊಂಡು ಹೋದ್ಲು."

ಆ ಮಾತು ಕೇಳಿದಾಗ ಆದ ಭಯವನ್ನು ಬರೆಯಲು ನನಗೆ ಬರುವುದಿಲ್ಲ. ಅವರ ಕಟ್ಟೆಯ ಮೇಲೆ ಕೂತುಬಿಟ್ಟೆ. ಭೀಮವ್ವನ ಹತ್ತಿರ ಫೋನಿಲ್ಲ. ರೇಣುಕಾಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಸಿದ್ದಮ್ಮ ನನ್ನ ರಟ್ಟೆ ಹಿಡಿದು ಎಬ್ಬಿಸಿ ಆಟೋದಲ್ಲಿ ಕೂರಿಸಿ, ತಾನು ಡಬ್ಬಿ ತರುತ್ತೇನೆಂದು ಹೊಲದ ಕಡೆ ಓಡಿದಳು. ಡಬ್ಬಿಯ ನೆನಪು ಅವಳಿಗೆ ಬಂತು, ನನಗೆ ಬರಲಿಲ್ಲ.

ಆಟೋದವನು ಇನ್ನಿಬ್ಬರು ಬರಲಿ ಎಂದು ಬೀಡಿ ಹಚ್ಚಿದ. ಪೂರಾ ಆಟೋ ನನ್ನದೇ, ನಡಿ ಎಂದು ಚೀರಿದೆ. ಶಹಾಪುರದ ಗುಡ್ಡ ದೂರದಿಂದ ಮನುಷ್ಯ ಅಂಗಾತ ಮಲಗಿದಂತೆ ಕಾಣುತ್ತದಲ್ಲ, ಹುಟ್ಟಿದಾಗಿನಿಂದ ನೋಡಿದ್ದೇನೆ. ಅವತ್ತು ಆ ಆಕಾರ ನಿದ್ದೆ ಮಾಡುತ್ತಿದೆ ಎಂದು ನನಗೆ ಅನ್ನಿಸಲಿಲ್ಲ. ಮುಖ ತಿರುಗಿಸಿಕೊಂಡು ಗೋಗಿಯ ದಾರಿ ಪೂರ್ತಿ ಅದೊಂದೇ ಬೇಡಿಕೊಂಡೆ, ರೇಣುಕಾ ಪಲ್ಯೆ ಮಾಡಲು ಸೋಮಾರಿತನ ಮಾಡಿರಲಿ, ಈರುಳ್ಳಿ ತೀರಿಹೋಗಿರಲಿ, ಅತ್ತೆಯ ಜೊತೆ ಜಗಳವಾಗಿರಲಿ.

ಪಲ್ಯೆ ಮಾಡಿರಲಿಲ್ಲ. ಹಸಿಯದನ್ನೇ ತಿಂದಿದ್ದಳು. ನಾನು ಹೋಗುವಾಗ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಳು.

ಭೀಮವ್ವ ನನ್ನನ್ನು ನೋಡಿ, "ಯಾಕಣ್ಣ, ಹಿಂಗ ಓಡಿ ಬಂದಿ? ದಿನಾ ಇಂಥಾ ವಾಂತಿನ ಇಕಿಗೆ, ಬಸುರಾಗಿಂದ," ಎಂದಳು. ನಾನು ವಿಷಯ ಹೇಳಿದೆ. ಅವಳು ಬಚ್ಚಲಿಗೆ ಓಡಿ ಮಗಳನ್ನು ಹಿಡಿದೆಬ್ಬಿಸಿದಳು.

ಅದೇ ಆಟೋದಲ್ಲಿ ಮೂವರೂ ದವಾಖಾನೆಗೆ ಹೋದೆವು. ಯಾವ ಔಷಧಿ ಎಂದು ಡಾಕ್ಟರು ಕೇಳಿದರು. ಬಿಳಿ ಡಬ್ಬಿ, ಕೆಂಪು ಮುಚ್ಚಳ ಎಂದೆ. ಹೆಸರು ಎಂದರು. ಇಪ್ಪತ್ತು ವರ್ಷ ಬೆನ್ನ ಮೇಲೆ ಹೊತ್ತು ಹೊಡೆದವನಿಗೆ ಒಂದರ ಹೆಸರೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಸಿದ್ದಮ್ಮ ಯಾರದೋ ಫೋನಿನಿಂದ ನನ್ನ ಫೋನಿಗೆ ಡಬ್ಬಿಯ ಫೋಟೋ ಕಳಿಸಿದಳು. ಡಾಕ್ಟರು ಅದನ್ನು ದೊಡ್ಡದು ಮಾಡಿ ಓದುತ್ತಿದ್ದಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬಸುರಿಗೆ ವಾಂತಿ ಹೇಗೂ ಇರುತ್ತದೆ, ಇದು ಅದರದೋ ಔಷಧಿಯದೋ ಈಗಲೇ ಹೇಳಲಾಗದು, ಸಲೈನ್ ಹಚ್ಚಿ ನೋಡೋಣ ಎಂದರು.

ಹೊರಗಿನ ಬೆಂಚಿನ ಮೇಲೆ ಕೂತಾಗ ಭೀಮವ್ವ ಒಂದೇ ಒಂದು ಮಾತು ಆಡಿದಳು. "ನಿನ್ನ ಹೊಲ ಅಂತ ಕಣ್ಣು ಮುಚ್ಚಿ ಚಿವುಟಿದ್ನಲ್ಲೋ ಅಣ್ಣ."

ಎರಡು ದಿನ ಇಟ್ಟುಕೊಂಡು ರೇಣುಕಾಳನ್ನು ಮನೆಗೆ ಕಳಿಸಿದರು. ಅವಳಿಗೇನೂ ಆಗಿರಲಿಲ್ಲ. ಹೊಟ್ಟೆಯೊಳಗಿನದು ಎಂದು ಕೇಳಿದೆ. ಚೆನ್ನಾಗಿದೆ ಅನ್ನಿಸುತ್ತದೆ ಎಂದರು ಡಾಕ್ಟರು. ಆ 'ಅನ್ನಿಸುತ್ತದೆ'ಯನ್ನು ಕಟ್ಟಿಕೊಂಡು ನಾನು ಐದು ತಿಂಗಳು ಬದುಕಿದೆ. ಫೋನು ರಿಂಗಾದರೆ ಸಿದ್ದಮ್ಮನ ಕೈಗೆ ಕೊಟ್ಟು ಹೊರಗೆ ಹೋಗುತ್ತಿದ್ದೆ. ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಕೈಮುಗಿದು ಬಂದೆ, ಬರುವಾಗ ಸರಿಯಾಗಿ ಬೇಡಿಕೊಂಡೆನೋ ಇಲ್ಲವೋ ಎಂದು ಅನುಮಾನ ಬಂದು ಮರುವಾರ ಮತ್ತೆ ಹೋದೆ. ಹೆಣ್ಣು ಹುಟ್ಟಿದ ಸುದ್ದಿ ಬಂದ ದಿನವೇ ಇಬ್ಬರೂ ಗೋಗಿಗೆ ಹೋದೆವು. ಅರಿವೆ ಸರಿಸಿ ಕೂಸಿನ ಕೈಬೆರಳು ಎಣಿಸಿದೆ. ಹನ್ನೊಂದು ಬಂದವು. ಇನ್ನೊಮ್ಮೆ ಎಣಿಸಿದರೆ ಒಂಬತ್ತು. ಸಿದ್ದಮ್ಮ ನನ್ನ ಕೈ ತಳ್ಳಿ ತಾನು ಎಣಿಸಿ, "ಹತ್ತು ಅವ, ಸುಮ್ಮನಿರ್ರಿ," ಎಂದಳು. ನಾನು ಹೊರಗೆ ಹೋಗಿ ಅವರ ದನದ ಕೊಟ್ಟಿಗೆಯಲ್ಲಿ ನಿಂತು ಅತ್ತೆ.

ಪಂಪು ಬಿಟ್ಟದ್ದು ಹೀಗೆ. ಹೆಗಲಿಗೇರಿಸಲು ಹೋಗಿ ಮತ್ತೆ ಕೆಳಗಿಡುತ್ತಿದ್ದೆ. ಮಾರೋಣವೆಂದರೆ ಕೊಂಡವನು ಇನ್ನೆಲ್ಲಿ ಹೊಡೆದಾನೋ ಎಂದು ಅದಕ್ಕೂ ಅಂಜಿಕೆ. ಕೊನೆಗೆ ಅದರ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ ಅಟ್ಟಕ್ಕೆ ಎಸೆದೆ. ಹುಳಗಳಿಗೆ ಇದೆಲ್ಲ ಗೊತ್ತಿರಲಿಲ್ಲ, ಅವು ಬಂದವು. ಬೇವಿನ ಬೀಜ ಕುಟ್ಟಿ ನೆನೆಸಿ ಎಲೆಗಳ ಮೇಲೆ ಚಿಮುಕಿಸಿದೆವು. ಹಕ್ಕಿ ಕೂರಲೆಂದು ಸಾಲಿಗೊಂದು ಕೋಲು ನೆಟ್ಟೆವು. ಬೆಳಿಗ್ಗೆ ಹಳೆಯ ಕೌದಿ ಹಾಸಿ ನಾನು ತೊಗರಿ ಗಿಡ ಅಲ್ಲಾಡಿಸುವುದು, ಬಿದ್ದ ಹುಳಗಳನ್ನು ಸಿದ್ದಮ್ಮ ಗುಡಿಸಿ ಕೋಳಿಗೆ ಹಾಕುವುದು. ನಾನು ಹುಳ ಮುಟ್ಟುವುದಿಲ್ಲ, ಹೆದರಿಕೆ. ಮೊದಲ ವರ್ಷ ಬೆಳೆ ಅರ್ಧಕ್ಕೆ ಇಳಿಯಿತು. ಪಕ್ಕದ ಹೊಲದ ಶರಣಪ್ಪ ಬಂದು, "ನಿನ್ನ ಹೊಲದ ಹುಳ ನನ್ನ ಹೊಲಕ್ಕ ಬರಾಕತ್ತಾವ ನೋಡು," ಎಂದು ಜಗಳ ತೆಗೆದ. ಎರಡನೇ ವರ್ಷ ಹಕ್ಕಿಗಳು ಕೋಲುಗಳ ರೂಢಿ ಮಾಡಿಕೊಂಡವು, ಬೆಳೆ ಸ್ವಲ್ಪ ಚೇತರಿಸಿತು. ಯಾರೋ ಬಂದು ಶಾಲು ಹೊದಿಸಿ ಆದರ್ಶ ರೈತ ಎಂದರು. ಶಾಲಿನೊಳಗೆ ನನಗೆ ಬೆವರು ಬಂತು.

ಆದರೆ ಆ ಎರಡೂ ಚಳಿಗಾಲ ಒಬ್ಬ ಹೆಣ್ಣುಮಗಳೂ ನಮ್ಮ ಕಡಲೆಗೆ ಇಳಿಯಲಿಲ್ಲ. ಹಳ್ಳದ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು. ನಾನು ಬದುವಿನ ಮೇಲೆ ನಿಂತು, "ಚಿವುಟ್ರವ್ವ, ಏನೂ ಹೊಡ್ದಿಲ್ಲ," ಎಂದು ಕೂಗುತ್ತಿದ್ದೆ. "ಇರ್ಲಿ ಬಿಡ್ರಿ ಕಾಕಾ, ಮನ್ಯಾಗ ಪಲ್ಯೆ ಅದ," ಅನ್ನುತ್ತಿದ್ದರು. ನಾವಿಬ್ಬರು ಚಿವುಟಿ ಎಷ್ಟೆಂದು ಮುಗಿಸುವುದು? ಗಿಡಗಳು ಟೊಂಗೆ ಒಡೆಯದೆ ಸೊಟ್ಟಗೆ ಮೇಲೆದ್ದವು. ಅದರ ಚಿಂತೆ ನನಗಿರಲಿಲ್ಲ. ಸಾಯುವ ತನಕ ಊರ ಹೆಣ್ಣುಮಕ್ಕಳು ನನ್ನ ಹೊಲವನ್ನು ಕಂಡು ಹೀಗೇ ಸುತ್ತು ಹಾಕುತ್ತಾರೇನೋ ಎಂಬ ಭಯ ಹತ್ತಿಕೊಂಡಿತು. ವಿಷ ತೊಳೆದು ಹೋಗಬಹುದು, ಇದು ಹೋಗುತ್ತದೆಂದು ನನಗೆ ಯಾರೂ ಹೇಳಲಿಲ್ಲ.

ಹೋದ ಚಳಿಗಾಲ ಒಂದು ಮುಂಜಾನೆ ಭೀಮವ್ವ ಬಂದಳು. ಸೊಂಟದ ಮೇಲೆ ಮೊಮ್ಮಗಳಿದ್ದಳು, ತಾಯಿಯ ಜೊತೆ ಅಜ್ಜಿಯ ಮನೆಗೆ ಬಂದಿದ್ದ ಕೂಸು. ಬದುವಿನ ಆಚೆಯೇ ನಿಂತು ಮಾತಾಡಿಸಿದಳು.

"ಹೊಡಿಯೋದು ಬಿಟ್ಟೀಯಂತ?"

"ಬಿಟ್ಟೀನವ್ವ."

"ಖರೇ?"

"ಖರೇನ."

ಅವಳು ಕೂಸನ್ನು ಇಳಿಸಿ, ಹೊಲದೊಳಗೆ ಬಂದು, ಅಲ್ಲೊಂದು ಇಲ್ಲೊಂದು ತನಗೆ ಬೇಕಾದ ಕಡೆಯಲ್ಲೆಲ್ಲ ಚಿವುಟಿ ಒಂದು ಹಿಡಿ ಕುಡಿ ತಂದು ನನ್ನ ಅಂಗೈಯಲ್ಲಿಟ್ಟಳು. "ಮದ್ಲ ನೀ ತಿನ್ನು."

ತಿಂದೆ. ಪೂರ್ತಿ ತಿಂದೆ. ಭೀಮವ್ವ ಬೇವಿನ ಗಿಡದ ಕೆಳಗೆ ಕೂತಳು. ಯಾಕೆ ಕೂತಳೆಂದು ಮೊದಲು ತಿಳಿಯಲಿಲ್ಲ. ನನ್ನ ಮುಖ ಬಿಟ್ಟು ಅವಳ ಕಣ್ಣು ಎಲ್ಲೂ ಹೋಗದ್ದನ್ನು ನೋಡಿದ ಮೇಲೆ ತಿಳಿಯಿತು. ನನಗೆ ಏನಾದರೂ ಆಗುತ್ತದೋ ಎಂದು ಕಾಯುತ್ತಿದ್ದಾಳೆ. ನಾನೂ ಎದುರಿಗೆ ಕೂತೆ. ಕೂಸು ಮಣ್ಣಿನ ಹೆಂಟೆ ಒಡೆಯುತ್ತ ಆಡುತ್ತಿತ್ತು.

ಕಾಲು ತಾಸು ಕಳೆಯಿತು, ಅರ್ಧ ತಾಸು ಕಳೆಯಿತು. ಹೊಡೆದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಗ ನೆನಪಾಯಿತು. ಮೊನ್ನೆ ಶರಣಪ್ಪ ತನ್ನ ಹೊಲಕ್ಕೆ ಹೊಡೆದಿದ್ದ. ಅವತ್ತು ಗಾಳಿ ಯಾವ ಕಡೆಗಿತ್ತು? ಮೈ ತಣ್ಣಗಾಗಿ ಹಣೆಯ ಮೇಲೆ ಬೆವರು ಬಂತು. ಹೇಳಿದರೆ ಅವಳು ಎದ್ದು ಹೋಗುತ್ತಾಳೆ, ಮತ್ತೆಂದೂ ಬರುವುದಿಲ್ಲ. ಹೇಳದಿದ್ದರೆ ಅಲ್ಲಿ ಕೂಸು ಆಡುತ್ತಿದೆ.

"ಚಳ್ಯಾಗ ಯಾಕ ಬೆವರಾಕತ್ತಿ ಅಣ್ಣ?"

"ಅಂಜಿಕಿ ಬೆವರವ್ವ," ಎಂದೆ. "ಶರಣಪ್ಪ ಮೊನ್ನಿ ಎಣ್ಣಿ ಹೊಡ್ದಾನ. ಗಾಳಿ ಈ ಕಡಿ ಬಂದಿತ್ತೋ ಏನೋ, ನಾ ನೋಡಿಲ್ಲ. ಆ ಬದುವಿನ ಕಡೀದು ಕೂಸಿಗೆ ಕೊಡಬ್ಯಾಡ. ಇವತ್ತ ಯಾವ್ದೂ ಕೊಡಬ್ಯಾಡ. ಹೋಗಿಬಿಡು."

ಭೀಮವ್ವ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಹೊರಟಳು ಅಂದುಕೊಂಡು ನಾನು ತಲೆ ತಗ್ಗಿಸಿದೆ. ಅವಳು ಹೋದದ್ದು ಹಳ್ಳದ ಕಡೆಗೆ, ಶರಣಪ್ಪನ ಹೊಲದಿಂದ ದೂರದ ತುದಿಗೆ. ಅಲ್ಲಿ ಬಗ್ಗಿ ಉಡಿ ತುಂಬ ಚಿವುಟಿಕೊಂಡು ವಾಪಸು ಬಂದಳು.

"ಇಷ್ಟು ಅಂಜಾಂವ ಸುಳ್ಳು ಹೇಳಂಗಿಲ್ಲ ಬಿಡು," ಎಂದಳು. ಉಡಿಯಿಂದ ಒಂದು ಎಳೆ ಕುಡಿ ತೆಗೆದು ನನ್ನ ಕಡೆ ಚಾಚಿದಳು. "ಕೂಸಿಗೆ ನೀನ ತಿನ್ನಿಸು."

ಕೂಸು ಬಂದು ನನ್ನ ಮೊಣಕಾಲು ಹಿಡಿದು ಬಾಯಿ ತೆರೆದು ನಿಂತಿತು. ಕುಡಿಯನ್ನು ಎರಡು ಮಾಡಿ, ಅರ್ಧ ನಾನು ತಿಂದು, ಉಳಿದ ಅರ್ಧವನ್ನು ಅದರ ಬಾಯಿಗಿಟ್ಟೆ.